ಬೆಂಚಿನ ಮೇಲೆ ಇನ್ನೂರ ಇಪ್ಪತ್ತು

ಎರಡು ಸಲ ರಿಪೇರಿಗೆ ಹೊತ್ತು ತಂದಿದ್ದ ಗಿಟಾರ್ ಆಂಪನ್ನು, ಅಂದರೆ ಆಂಪ್ಲಿಫೈಯರನ್ನು, ತಂಗಿ ಮೂರನೆಯ ಸಲ ತರಲಿಲ್ಲ. ತರಲಿಲ್ಲ ಎಂದ ಮೇಲೆ ಅದು ಸರಿಹೋಗಿದೆ ಎಂದು ಅಂಗಡಿಯವರೆಲ್ಲ ತಿಳಿದರು. ಅಂಗಡಿಯವರೆಲ್ಲ ಎಂದರೆ ಇಬ್ಬರೇ, ಮಾವ ಮತ್ತು ಸೊಸೆ; ತಂಗಿ ಎಂದರೆ ಸೊಸೆಯ ತಂಗಿ. ತಾರದಿರುವುದಕ್ಕೆ ಕಾರಣ ಬೇರೆಯೇ ಇತ್ತು. ಅದು ಅವರಿಗೆ ಗೊತ್ತಾಗುವ ಹೊತ್ತಿಗೆ ಕಿಟಕಿಯಿಲ್ಲದ ಒಂದು ನೆಲಮಾಳಿಗೆಯಲ್ಲಿ, ಪಾಠ ಹೇಳುವ ತಂಗಿಯ ಬೆನ್ನ ಹಿಂದೆ, ಆ ಆಂಪು ಇಪ್ಪತ್ತೊಂದು ದಿನ ಉರಿದಿತ್ತು.

ಸೊಸೆಗೆ ಆ ಬೀದಿಯಲ್ಲಿ ಕಾಯಿಲ್ ಅಕ್ಕ ಎಂದೇ ಹೆಸರು. ಮದುವೆಯಾಗಿ ಬಂದ ಎರಡನೆಯ ವರ್ಷ, ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಅಂಗಡಿಯಲ್ಲಿ ಮಾವನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವುದನ್ನು ಕಲಿತಳು. ಅದಾಗಿ ಹದಿನೆಂಟು ವರ್ಷ. ಅವಳು ಸುತ್ತಿದ ಸುರುಳಿಯಲ್ಲಿ ಒಂದು ಸುತ್ತು ಹೆಚ್ಚುಕಡಿಮೆ ಇದೆ ಎಂದು ತೋರಿಸಿಕೊಟ್ಟವರು ಇನ್ನೂ ಯಾರೂ ಇಲ್ಲ. ಗಂಡ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಕರೆಂಟು ಎಂದರೆ ಮಾರು ದೂರ ನಿಲ್ಲುವ ಪೈಕಿ; ಬಲ್ಬು ಬದಲಿಸಬೇಕಾದರೂ ಹೆಂಡತಿಯನ್ನೇ ಕರೆಯುತ್ತಿದ್ದ. ಇತ್ತೀಚೆಗೆ ಹಾಗೆ ಕರೆಯುವುದು ಹೆಚ್ಚಾಗಿತ್ತು. ಮನೆಯಲ್ಲಿ ತಿಂಗಳಿಗೊಂದು ಬಲ್ಬು ಹೋಗುತ್ತಿತ್ತು. ಈಗಿನ ಮಾಲೇ ಹೀಗೆ ಎಂದು ಎಲ್ಲರಂತೆ ಅವಳೂ ಅಂದುಕೊಂಡು ಸುಮ್ಮನಾಗಿದ್ದಳು.

ಮಾವನಿಗೆ ಎಪ್ಪತ್ತನಾಲ್ಕು. ರೇಡಿಯೊ ಕೇಂದ್ರದಲ್ಲಿ ಪ್ರಸಾರದ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ನೌಕರಿಯಲ್ಲಿದ್ದಾಗಲೇ ಮನೆಯಲ್ಲಿ ಬೆಂಚು ಹಾಕಿಕೊಂಡು ರಿಪೇರಿ ಮಾಡುತ್ತಿದ್ದರು. ಗಾಜಿನ ಟ್ಯೂಬುಗಳ ಕಾಲ ಮುಗಿಯಿತು ಎಂದು ಲೋಕವೆಲ್ಲ ಹೇಳುವಾಗ, ಗಿಟಾರ್ ನುಡಿಸುವ ಒಂದಿಷ್ಟು ಜನ ಮಾತ್ರ ಅದೇ ದನಿ ಬೇಕೆಂದು ಹುಡುಕಿಕೊಂಡು ಬಂದರು. ಅಂಥವರಿಗಾಗಿ ಮೂರು ವರ್ಷಗಳಲ್ಲಿ ಮಾವ, ಸೊಸೆ ಸೇರಿ ಕಟ್ಟಿದ ಆಂಪುಗಳು ಹನ್ನೊಂದು. ಎಲ್ಲಕ್ಕೂ ಒಂದೇ ನಕ್ಷೆ.

ನಕ್ಷೆಯ ಲೆಕ್ಕ ಹೀಗಿತ್ತು. ಗೋಡೆಯಿಂದ ಬರುವುದು ಇನ್ನೂರ ಇಪ್ಪತ್ತು ವೋಲ್ಟ್. ಕಾಯಿಲ್ ಅಕ್ಕ ಸುತ್ತಿದ ಟ್ರಾನ್ಸ್‌ಫಾರ್ಮರು ಅದನ್ನು ಮೇಲಕ್ಕೆತ್ತುತ್ತದೆ. ಮೇಲೆ ಹೋದದ್ದು ಕೆಪಾಸಿಟರ್ ಎಂಬ ಹೆಬ್ಬೆರಳು ಗಾತ್ರದ ಡಬ್ಬಿಯಲ್ಲಿ ತುಂಬಿಕೊಂಡು ಟ್ಯೂಬುಗಳಿಗೆ ಹೋಗುತ್ತದೆ. ನುಡಿಸುವಾಗ ಆ ಡಬ್ಬಿಯ ಮೇಲೆ ನಾನೂರ ಮೂವತ್ತು ವೋಲ್ಟ್. ನುಡಿಸದೆ ಸ್ಟ್ಯಾಂಡ್‌ಬೈನಲ್ಲಿಟ್ಟಾಗ, ಅಂದರೆ ಟ್ಯೂಬುಗಳನ್ನು ಬೆಚ್ಚಗಿಟ್ಟು ದೊಡ್ಡ ವೋಲ್ಟೇಜನ್ನು ಮಾತ್ರ ಅವುಗಳಿಗೆ ತಲುಪದಂತೆ ತಡೆದಾಗ, ಎಳೆದುಕೊಳ್ಳುವವರಿಲ್ಲದೆ ಅದೇ ಡಬ್ಬಿಯಲ್ಲಿ ವೋಲ್ಟೇಜು ನಾನೂರ ಎಂಬತ್ತಕ್ಕೆ ಏರುತ್ತದೆ. ಡಬ್ಬಿಯ ಮೇಲೆ ಬರೆದಿರುವ ಮಿತಿ ಐನೂರು. ಇಪ್ಪತ್ತು ವೋಲ್ಟಿನ ಅಂತರ ಸಾಕೇ ಎಂದು ಒಮ್ಮೆ ಅವಳು ಕೇಳಿದ್ದಳು. ಬೆಂಚಿನ ಮೀಟರು ಮೂವತ್ತು ವರ್ಷದಿಂದ ಇನ್ನೂರ ಇಪ್ಪತ್ತು ಬಿಟ್ಟು ಕದಲಿಲ್ಲ, ಸಾಕು ಎಂದಿದ್ದರು ಮಾವ. ಆಂಪಿನ ಹಿಂಬದಿಗೆ ಅವರೇ ಟೈಪ್ ಮಾಡಿ ಅಂಟಿಸುವ ಚೀಟಿಯೊಂದಿತ್ತು: ಬಿಡುವಿನಲ್ಲಿ ಆರಿಸಬೇಡಿ, ಸ್ಟ್ಯಾಂಡ್‌ಬೈನಲ್ಲಿಡಿ, ಟ್ಯೂಬುಗಳ ಆಯಸ್ಸು ಹೆಚ್ಚುತ್ತದೆ.

ತಂಗಿ ಮೂರು ಬೀದಿ ಆಚೆ ನೆಲಮಾಳಿಗೆಯ ಕೋಣೆ ಹಿಡಿದು ಗಿಟಾರ್ ಕಲಿಸುತ್ತಿದ್ದಳು. ಅವಳ ಆಂಪು ಹನ್ನೊಂದರಲ್ಲಿ ಒಂಬತ್ತನೆಯದು, ಮೊದಲ ಬೆಸುಗೆಯಿಂದ ಕೊನೆಯ ಮೊಳೆಯವರೆಗೆ ಕಾಯಿಲ್ ಅಕ್ಕ ಒಬ್ಬಳೇ ಕಟ್ಟಿದ್ದು. ಮೊದಲ ಸಲ ಫ್ಯೂಸ್ ಹೋಗಿದೆ ಎಂದು ತಂದಾಗ ಅದನ್ನು ಬೆಂಚಿಗೇರಿಸಿ ಇಡೀ ಮಧ್ಯಾಹ್ನ ಓಡಿಸಿ ನೋಡಿದರು. ನಾನೂರ ಮೂವತ್ತು, ನಾನೂರ ಎಂಬತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡು ತಿಂಗಳು ಕಳೆದು ಮತ್ತೆ ತಂದಳು. ಮತ್ತೆ ಅದೇ ಅಂಕಿ. ಆಗ ಮಾವ ಕನ್ನಡಕ ಹಣೆಗೇರಿಸಿ, ಗಿರಾಕಿಯೊಬ್ಬರ ಎದುರಿನಲ್ಲೇ, “ಯಂತ್ರ ಸರಿಯಾಗೇ ಇದೆಯಮ್ಮ. ನಿನ್ನ ಕೈಗುಣ ನೋಡಿಸ್ಕೋ,” ಎಂದು ನಕ್ಕಿದ್ದರು.

ಕಾಯಿಲ್ ಅಕ್ಕನೂ ನಕ್ಕಿದ್ದಳು. ಅಷ್ಟಕ್ಕೇ ಬಿಡದೆ, ನೀನು ಸ್ವಿಚ್ಚುಗಳನ್ನು ಹಿಂದುಮುಂದು ಒತ್ತುತ್ತೀಯ, ಚೀಟಿ ಓದುವುದಿಲ್ಲ, ಚಿಕ್ಕಂದಿನಿಂದಲೂ ಹೀಗೇ ಎಂದು ಒಂದು ಸುತ್ತು ಬೈದಿದ್ದಳು. ಮೀಟರಿನ ಮುಖವನ್ನು ತಂಗಿಯ ಕಡೆ ತಿರುಗಿಸಿ, “ನೋಡು, ಇದು ಸುಳ್ಳು ಹೇಳುತ್ತಾ?” ಎಂದು ಕೇಳಿದ್ದಳು. ತಂಗಿ ಮೀಟರನ್ನು ನೋಡಲಿಲ್ಲ, ಅಕ್ಕನನ್ನು ನೋಡಿದಳು. ಪದೇಪದೇ ಹೊತ್ತು ತರುವ ಗೋಳು ತಪ್ಪಲಿ ಎಂದು ಮಾವ ಒಂದು ಆಂಪಿಯರಿನ ಫ್ಯೂಸ್ ತೆಗೆದು ಮೂರರದ್ದನ್ನು ಹಾಕಿಬಿಡು ಎಂದರು. ಅವಳು ಹಾಕಿದಳು. ಫ್ಯೂಸ್ ಇರುವುದೇ ತಾನು ಸುಟ್ಟು ಉಳಿದದ್ದನ್ನು ಉಳಿಸಲಿಕ್ಕೆ. ಅದನ್ನು ದಪ್ಪ ಮಾಡಿದರೆ ಏನಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹಾಕಿದಳು.

ಅದಾಗಿ ಇಪ್ಪತ್ತೊಂದನೆಯ ದಿನ ಬೆಳಗ್ಗೆ ಬೇಸ್ ಗಿಟಾರಿನ ಗಡ್ಡದವನು ತನ್ನ ಆಂಪನ್ನು ತಂದಿಟ್ಟು ಹೋದ. ಅವನದು ಹನ್ನೊಂದರಲ್ಲಿ ನಾಲ್ಕನೆಯದು. ಅವನ ಮನೆ ಊರಿನ ಇನ್ನೊಂದು ತುದಿ. ತಿರುಪು ಬಿಚ್ಚಿ ನೋಡಿದರೆ ಮೊದಲ ಕೆಪಾಸಿಟರಿನ ತಲೆ ಬಿರಿದು, ಒಳಗಿನ ಕಾಗದದ ಸುರುಳಿ ಹೊರಗೆ ಬಂದು ನಿಂತಿತ್ತು. ಸುತ್ತಲೂ ಒಣಗಿದ ಕಂದು ಕಲೆ. ಅವನು ನುಡಿಸುತ್ತಿರಲಿಲ್ಲವಂತೆ, ಸ್ಟ್ಯಾಂಡ್‌ಬೈನಲ್ಲಿಟ್ಟು ಊಟಕ್ಕೆ ಹೋಗಿದ್ದನಂತೆ.

ಕಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಕೆಪಾಸಿಟರ್ ಬೆಸೆದು, ಬೆಂಚಿನ ಮೇಲೆ ನೋಡಿದಳು. ನಾನೂರ ಮೂವತ್ತು, ನಾನೂರ ಎಂಬತ್ತು. ಡಬ್ಬಿಯೇ ಕಳಪೆ ಇರಬೇಕು ಎಂದರು ಮಾವ. ಹೌದೆನ್ನಿಸಿತು. ಬೆಂಚು ಬೇರೆ ಕೆಲಸಕ್ಕೆ ಬೇಕಿತ್ತು; ಇನ್ನೂ ಎರಡು ಗಂಟೆ ಓಡಲಿ ಎಂದು ಆಂಪನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಮಿಕ್ಸಿಯ ಸಾಕೆಟ್ಟಿಗೆ ಸಿಕ್ಕಿಸಿದಳು. ಹದಿನೆಂಟು ವರ್ಷಗಳಲ್ಲಿ ಬೆಂಚಿನ ಆಚೆ ಒಂದು ಆಂಪನ್ನು ಅವಳು ಅಳೆದದ್ದು ಅದೇ ಮೊದಲು. ಅಳೆಯಬೇಕೆಂದೂ ಇರಲಿಲ್ಲ. ಮೀಟರು ಕೈಯಲ್ಲಿತ್ತು, ಆದ್ದರಿಂದ ಅಳೆದಳು. ಮಾವ ಕಲಿಸಿದ ಮೊದಲ ಪಾಠದಂತೆ ಎಡಗೈ ಬೆನ್ನ ಹಿಂದೆ. ಎರಡು ಕೈಯೂ ಮುಂದಿದ್ದರೆ ಕರೆಂಟು ಎದೆಯ ಮೂಲಕ ದಾರಿ ಹುಡುಕುತ್ತದೆ. ಬಲಗೈಯಲ್ಲಿ ಮೀಟರಿನ ಕಡ್ಡಿಯನ್ನು ಕೆಪಾಸಿಟರಿಗೆ ಇಟ್ಟಳು.

ನಾನೂರ ತೊಂಬತ್ತೆರಡು.

ಬ್ಯಾಟರಿ ಸೋತರೆ ಇಂಥ ಮೀಟರು ಹೆಚ್ಚು ತೋರಿಸುತ್ತದೆ. ಗೋಡೆ ಗಡಿಯಾರದ ಪಕ್ಕದ ಡ್ರಾಯರಿನಿಂದ ಹೊಸ ಬ್ಯಾಟರಿ ತಂದು ಹಾಕಿದಳು. ನಾನೂರ ತೊಂಬತ್ತೆರಡೇ. ಸ್ಟ್ಯಾಂಡ್‌ಬೈಗೆ ಹಾಕಿದಳು. ಅಂಕಿ ಐನೂರು ದಾಟಿತು, ಐನೂರ ಮೂವತ್ತು ದಾಟಿತು, ಐನೂರ ಐವತ್ತಕ್ಕೆ ಹೋಗಿ ನಿಂತಿತು. ಅವಳು ಬೇಗನೆ ಪ್ಲಗ್ ಕಿತ್ತು, ಬರೀ ಸಾಕೆಟ್ಟನ್ನು ಅಳೆದಳು. ಇನ್ನೂರ ಐವತ್ತೆರಡು.

ಅಂಗಡಿಗೆ ಬಂದು ಬೆಂಚಿನ ಸಾಕೆಟ್ಟನ್ನು ಅಳೆದಳು. ಇನ್ನೂರ ಇಪ್ಪತ್ತು.

ಒಂದೇ ಮನೆ, ಒಂದೇ ತಂತಿ, ನಡುವೆ ಹತ್ತು ಹೆಜ್ಜೆ. ಮಂಡಿಯೂರಿ ಬೆಂಚಿನ ಕೆಳಗೆ ಬಗ್ಗಿದಳು. ಮರದ ಜಾಲರಿಯ ಹಿಂದೆ, ಧೂಳಿನ ಕೆಳಗೆ, ಸೂಟ್‌ಕೇಸಿನಷ್ಟು ದೊಡ್ಡ ಸ್ಟೆಬಿಲೈಸರ್ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಅದು ಅಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ದಿನಾ ಅದಕ್ಕೆ ಕಾಲು ಒರಗಿಸಿಯೇ ಕೂರುತ್ತಿದ್ದಳು, ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಎಂದು. ಗೋಡೆಯಲ್ಲಿ ಎಷ್ಟೇ ಬರಲಿ, ಬೆಂಚಿಗೆ ಇನ್ನೂರ ಇಪ್ಪತ್ತನ್ನೇ ಕೊಡುವುದು ಅದರ ಕೆಲಸ. ಅದನ್ನು ಅದು ಒಂದು ದಿನವೂ ತಪ್ಪಿಸಿರಲಿಲ್ಲ.

ಹೋದ ವರ್ಷ ಊರಿನ ಕಂಬಗಳ ಮೇಲೆಲ್ಲ ಹೊಸ ಟ್ರಾನ್ಸ್‌ಫಾರ್ಮರುಗಳನ್ನು ಕೂರಿಸಿದ್ದರು. ಜನಕ್ಕೆ ಖುಷಿಯೋ ಖುಷಿ. ಎದುರಿನ ಕ್ಷೌರದಂಗಡಿಯವನು, ಈಗ ಫ್ಯಾನಿನ ಕೆಳಗೆ ಕೂತರೆ ಗಿರಾಕಿಯ ತಲೆಗೂದಲನ್ನು ತಾನು ಕತ್ತರಿಸುವುದೇ ಬೇಡ, ಅದೇ ಹಾರಿಹೋಗುತ್ತದೆ ಎನ್ನುತ್ತಿದ್ದ. ವೋಲ್ಟೇಜು ಕಡಿಮೆಯಾದರೆ ದೂರು ಕೊಡುವವರು ಉಂಟು. ಹೆಚ್ಚಾಯಿತೆಂದು ಕೊಟ್ಟವರಿಲ್ಲ.

ಅವಳು ಮಾವನನ್ನು ಕರೆದು ಹೇಳಿದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಮೀಟರಿನ ಬ್ಯಾಟರಿ ಎಂದರು, ಬದಲಿಸಿದ್ದೇನೆ ಎಂದಳು. ಅಡುಗೆಮನೆಯ ವೈರಿಂಗ್ ಹಳೆಯದು ಎಂದರು. ವೈರಿಂಗ್ ಹಳೆಯದಾದರೆ ವೋಲ್ಟೇಜು ಇಳಿಯುತ್ತದೆಯೇ ಹೊರತು ಏರುತ್ತದೆಯೇ ಎಂದು ಕೇಳಿದಳು. ಅವರು ಕಪಾಟಿನಿಂದ ತಮ್ಮ ಮುಳ್ಳಿನ ಮೀಟರನ್ನು ಇಳಿಸಿಕೊಂಡು, ರೇಡಿಯೊ ಕೇಂದ್ರದಿಂದ ಬೀಳ್ಕೊಡುಗೆಯಾಗಿ ಬಂದದ್ದು ಅದು, ಅಡುಗೆಮನೆಗೆ ನಡೆದರು. ಸಾಕೆಟ್ಟಿಗೆ ಕಡ್ಡಿ ಇಟ್ಟರು. ಮುಳ್ಳು ಇನ್ನೂರ ಐವತ್ತನ್ನು ದಾಟಿ ನಿಂತಿತು. ಮಾವ ಕಡ್ಡಿ ತೆಗೆದು ಮತ್ತೆ ಇಟ್ಟರು. ಮೂರನೆಯ ಸಲ ಇಡಲಿಲ್ಲ. ಮಿಕ್ಸಿ ಪಕ್ಕಕ್ಕೆ ಸರಿಸಿ ಅಲ್ಲೇ ಕಟ್ಟೆಗೆ ಒರಗಿದರು.

“ಸಂಜೆ ಆದ್ರೆ ನೂರ ಎಪ್ಪತ್ತಕ್ಕೆ ಇಳೀತಿತ್ತು ಆವಾಗ. ನಾನು ಆ ಸ್ಟೆಬಿಲೈಸರ್ ಹಾಕಿದ್ದು ವೋಲ್ಟೇಜ್ ಎತ್ತೋದಕ್ಕೆ,” ಎಂದರು. “ಇಳಿಸುತ್ತೆ ಅಂತ ಯೋಚ್ನೆ ಮಾಡ್ಲೇ ಇಲ್ಲ.”

ಅವಳ ಮನಸ್ಸಿನಲ್ಲಿ ಗುಣಾಕಾರ ನಡೆದಿತ್ತು. ನುಡಿಸುವಾಗ ನಾನೂರ ತೊಂಬತ್ತೆರಡು, ಮಿತಿಯೊಳಗೇ ಇದೆ. ಮಿತಿ ದಾಟುವುದು ಸುಮ್ಮನಿಟ್ಟಾಗ ಮಾತ್ರ. ದುಡಿಸಿದಷ್ಟು ಹೊತ್ತು ಕ್ಷೇಮವಾಗಿದ್ದು ವಿಶ್ರಾಂತಿಗೆ ಬಿಟ್ಟ ಕೂಡಲೇ ಸಾಯಲು ಶುರುವಾಗುವ ಯಂತ್ರವನ್ನು ಅವರು ಕಟ್ಟಿದ್ದರು. ಅದನ್ನು ದಿನವಿಡೀ ವಿಶ್ರಾಂತಿಯಲ್ಲೇ ಇಡಿ ಎಂದು ಚೀಟಿ ಬೇರೆ ಅಂಟಿಸಿದ್ದರು.

“ನಿನ್ನ ತಂಗಿ ಈಗ ಎಲ್ಲಿದ್ದಾಳೆ?” ಮಾವ ಕೇಳಿದರು.

“ಕ್ಲಾಸಲ್ಲಿ. ಹತ್ತರಿಂದ.”

“ಆ ಫ್ಯೂಸು?”

“ಮೂರರದ್ದು. ನೀವೇ ಹೇಳಿದ್ರಿ.”

“ಹೇಳಿದ್ದೆ,” ಎಂದರು ಮಾವ. ಗಂಟೆ ಹನ್ನೊಂದೂವರೆ ಆಗಿತ್ತು.

ಫೋನ್ ಮಾಡಿದಳು. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಗೊತ್ತಿದ್ದೂ ಎರಡು ಸಲ ಮಾಡಿದಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟಳು. ಮೊದಲ ಬೀದಿಯಲ್ಲಿ ಬಿರುಸಾಗಿ ನಡೆದಳು. ಓಡಿದರೆ ತಾನೇ ಹೆದರಿದಂತಾಗುತ್ತದೆ ಎಂದು ಓಡಲಿಲ್ಲ. ಕೆಲಸದ ತಲೆ, ತಾನಾಗಿ ದುರಸ್ತಿಯ ಲೆಕ್ಕ ಹಾಕುತ್ತಿತ್ತು: ಮೂವತ್ತು ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರೊಂದನ್ನು ಸುತ್ತಿ, ಗೋಡೆಯ ವೋಲ್ಟೇಜಿಗೆ ಎದುರಾಗುವಂತೆ ಸಾಲಿನಲ್ಲಿ ಸೇರಿಸಿದರೆ ಇನ್ನೂರ ಐವತ್ತೆರಡರಲ್ಲಿ ಮೂವತ್ತು ಕಳೆಯುತ್ತದೆ, ಆಂಪು ಮತ್ತೆ ತನ್ನ ಅಂಕಿಗೆ ಬರುತ್ತದೆ. ಪೆಟ್ಟಿಗೆಯಲ್ಲಿಟ್ಟು ಹನ್ನೊಂದೂ ಜನಕ್ಕೆ ಒಂದೊಂದು ಕೊಡಬಹುದು. ಎರಡು ತಂತಿ ಅದಲುಬದಲಾದರೆ ಮಾತ್ರ ಕಳೆಯುವ ಬದಲು ಕೂಡುತ್ತದೆ, ಇನ್ನೂರ ಎಂಬತ್ತೆರಡು. ಅಂಥ ಒಂದು ಪೆಟ್ಟಿಗೆಯನ್ನೂ ಗೋಡೆಯ ನಿಜವಾದ ವೋಲ್ಟೇಜೇ ಬಾರದ ಆ ಬೆಂಚಿನ ಮೇಲೆ ನಂಬಿ ಪರೀಕ್ಷಿಸುವಂತಿಲ್ಲ ಎಂಬುದು ಆಗ ಹೊಳೆಯಿತು. ಅದೇ ಹೊತ್ತಿಗೆ ಮೂರನೆಯ ಬೀದಿಯ ತಿರುವು ಬಂತು. ತಂಗಿಯ ಕಟ್ಟಡದ ಎದುರಿಗೇ ಕಂಬ, ಕಂಬದ ಮೇಲೆ ಬೂದು ಬಣ್ಣದ ಹೊಸ ಟ್ರಾನ್ಸ್‌ಫಾರ್ಮರು. ಅದಕ್ಕೆ ಹತ್ತಿರವಾದಷ್ಟೂ ವೋಲ್ಟೇಜು ಹೆಚ್ಚು. ಇಲ್ಲಿ ಇನ್ನೂರ ಐವತ್ತೆರಡಕ್ಕಿಂತ ಮೇಲೇ ಇರಬೇಕು. ಅಲ್ಲಿಂದ ಅವಳು ಓಡಿದಳು.

ಮೆಟ್ಟಿಲ ಮೇಲ್ತುದಿಯಲ್ಲಿ ಮೀಟರುಗಳ ಸಾಲು, ಕೆಳಗೆ ಹದಿನಾಲ್ಕು ಮೆಟ್ಟಿಲು, ಆಮೇಲೆ ಸದ್ದು ಹೊರಹೋಗದಂತೆ ರಬ್ಬರು ಬಡಿದ ಬಾಗಿಲು. ತಳ್ಳಿದಳು. ಮೊದಲು ಮೂಗಿಗೆ ಬಂದದ್ದು ವಾಸನೆ, ಬೆಂದ ಅಂಟಿನಂಥದ್ದು, ಮೀನಿನಂಥದ್ದು. ಗೋಡೆಗೆಲ್ಲ ಕಪ್ಪು ಸ್ಪಂಜಿನ ಹಾಳೆ. ಅರ್ಧಚಂದ್ರಾಕಾರದಲ್ಲಿ ನಾಲ್ಕು ಕುರ್ಚಿ: ಕಾಲೇಜಿನ ಇಬ್ಬರು ಹುಡುಗಿಯರು, ಒಬ್ಬ ದಂತವೈದ್ಯ, ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು. ಎಲ್ಲರ ತೊಡೆಯ ಮೇಲೂ ಆಂಪಿಗೆ ಸಿಕ್ಕಿಸದ ಗಿಟಾರು. ಅವರಿಗೆ ಎದುರಾಗಿ ತಂಗಿ. ತಂಗಿಯ ಬೆನ್ನ ಹಿಂದೆ, ಗೋಡೆಗೆ ಆತುಕೊಂಡು ಆಂಪು. ಕೆಂಪು ದೀಪ ಉರಿಯುತ್ತಿತ್ತು. ಸ್ವಿಚ್ಚು ಸ್ಟ್ಯಾಂಡ್‌ಬೈನಲ್ಲಿತ್ತು.

“ಎಲ್ಲರೂ ಮೇಲಕ್ಕೆ ಹೋಗಬೇಕು,” ಎಂದಳು ಕಾಯಿಲ್ ಅಕ್ಕ. “ಗಿಟಾರು ಇಲ್ಲೇ ಬಿಡಿ.”

ತಂಗಿಯ ಮುಖ ಗಂಟಿಕ್ಕಿತು. “ಅಕ್ಕ, ಕ್ಲಾಸ್ ನಡೀತಿದೆ. ಬೈಯೋದಿದ್ರೆ ಸಂಜೆ ಮನೆಗೇ ಬರ್ತೀನಿ.”

“ಬೈಯೋಕೆ ಬಂದಿಲ್ಲ. ನಡಿ ಮೇಲೆ.”

“ಇವರ ಮುಂದೆ ಬೇಡ, ಪ್ಲೀಸ್.”

“ಪುಟ್ಟಿ, ಆ ಆಂಪು ಸಿಡಿಯುತ್ತೆ.”

ಪೋಸ್ಟ್‌ಮ್ಯಾನ್ ಮೊದಲು ಎದ್ದರು. ಮೂವತ್ತು ವರ್ಷ ಮನೆಮನೆಯ ನಾಯಿಗಳಿಂದ ತಪ್ಪಿಸಿಕೊಂಡವರು, ಯಾವಾಗ ಪ್ರಶ್ನೆ ಕೇಳಬಾರದು ಎಂಬುದು ಅವರಿಗೆ ತಿಳಿದಿತ್ತು. ಹುಡುಗಿಯರು ಅವರ ಹಿಂದೆ ಹೋದರು. ದಂತವೈದ್ಯ ಮಾತ್ರ ಗಿಟಾರನ್ನು ಬ್ಯಾಗಿಗೆ ತುರುಕಲು ಕೂತ. ಬಿಡಿ ಎಂದರೂ ಬಿಡದೆ ಜಿಪ್ ಎಳೆದುಕೊಂಡೇ ಎದ್ದ. ತಂಗಿ ಅಷ್ಟರಲ್ಲಿ, ಆರಿಸಿದರೆ ಆಯಿತಲ್ಲ ಎನ್ನುತ್ತ ಆಂಪಿನ ಹಿಂದಕ್ಕೆ ಕೈ ಚಾಚಿದಳು. ಆರಿಸುವ ಸ್ವಿಚ್ಚು ಹಿಂದೆಯೇ ಇತ್ತು. ಮುಂದಿದ್ದರೆ ಗೋಡೆಯ ಕರೆಂಟಿನ ಗೊರಗೊರ ಹಾಡಿನಲ್ಲಿ ಸೇರುತ್ತದೆ ಎಂದು ಹಾಗಿಟ್ಟಿದ್ದು. ಗೋಡೆಯ ಪ್ಲಗ್ಗೂ ಹಿಂದೆಯೇ. ಎರಡರಲ್ಲಿ ಯಾವುದನ್ನು ಮುಟ್ಟಬೇಕಾದರೂ ಬಗ್ಗಿ, ತೆರೆದ ಬೆನ್ನಿಗೆ ಮುಖ ಕೊಡಬೇಕು. ಕಾಯಿಲ್ ಅಕ್ಕ ಅವಳ ಮಣಿಕಟ್ಟು ಹಿಡಿದು ಎಳೆದಳು. ತಂಗಿಯ ಬಳೆಯಂಥ ಗಡಿಯಾರ ಕಳಚಿ ನೆಲಕ್ಕೆ ಬಿತ್ತು. ಅದನ್ನೂ ಎತ್ತಿಕೊಳ್ಳಲು ಬಿಡಲಿಲ್ಲ.

ಮೆಟ್ಟಿಲ ಮೇಲೆ, ಮೀಟರುಗಳ ಕೆಳಗೆ ಆರು ಮೇನ್ ಸ್ವಿಚ್ಚು. ಯಾವುದಕ್ಕೂ ಹೆಸರಿಲ್ಲ. ನಿಮ್ಮದು ಯಾವುದು ಎಂದು ಕೇಳಿದಳು. ತಂಗಿಗೆ ಗೊತ್ತಿರಲಿಲ್ಲ. ಕಟ್ಟಡದ ಮಾಲೀಕರಿಗೆ ಗೊತ್ತಿರುತ್ತದೆ ಎಂದಳು. ಕಾಯಿಲ್ ಅಕ್ಕ ಎಡಗೈ ಬೆನ್ನ ಹಿಂದಿಟ್ಟು ಮೊದಲನೆಯದನ್ನು ಕೆಳಗೆಳೆದಳು. ಮಹಡಿಯಲ್ಲಿ ಹೊಲಿಗೆ ಯಂತ್ರವೊಂದು ನಿಂತಿತು. ಎರಡನೆಯದನ್ನು ಎಳೆದಳು. ಬೀದಿಬದಿಯ ಅಂಗಡಿಯ ದೀಪ ಹೋಯಿತು.

ಆಗ ಕೆಳಗೆ ಟಪ್ಪೆಂದಿತು.

ದೊಡ್ಡ ಸದ್ದೇನಲ್ಲ. ಕಾಗದದ ಚೀಲ ಊದಿ ಹೊಡೆದಷ್ಟು. ದಂತವೈದ್ಯ ತಿರುಗಿ ನೋಡಿದ. ಅಷ್ಟೇನಾ ಎನ್ನುವಂತೆ ತಂಗಿ ಅಕ್ಕನ ಮುಖ ನೋಡಿದಳು. ಕಾಯಿಲ್ ಅಕ್ಕ ಮೂರನೆಯದನ್ನು ಎಳೆಯುತ್ತಿದ್ದಳು. ಸಿಡಿದ ಕೆಪಾಸಿಟರು ಒಳಗೊಳಗೇ ಶಾರ್ಟ್ ಆಗಿ ಕರೆಂಟಿಗೆ ನೇರ ದಾರಿ ಮಾಡಿಕೊಟ್ಟಿತ್ತು. ಒಂದು ಆಂಪಿಯರಿನ ಫ್ಯೂಸ್ ಆ ಕ್ಷಣದಲ್ಲೇ ಸುಟ್ಟು ಎಲ್ಲವನ್ನೂ ಮುಗಿಸಿಬಿಡುತ್ತಿತ್ತು. ಮೂರರದ್ದು ತಡೆದುಕೊಂಡಿತು. ಬಾಗಿಲ ಸಂದಿನಿಂದ ಸದ್ದು ಬಂತು, ಮೊದಲು ಗುಂಯ್, ಆಮೇಲೆ ಗೊರ್ ಎಂದು ಭಾರವಾಗುತ್ತ. ಅದರ ಹಿಂದೆಯೇ ವಾಸನೆ. ಈ ವಾಸನೆಯನ್ನು ಅವಳು ಎಲ್ಲಿದ್ದರೂ ಗುರುತಿಸಬಲ್ಲಳು. ತಾನೇ ಸುತ್ತಿದ ಸುರುಳಿಗೆ, ತಾನೇ ಕುಂಚ ಹಿಡಿದು ಬಳಿದ ವಾರ್ನಿಷ್ ಅದು.

ನಾಲ್ಕನೆಯದು. ಏನೂ ಆಗಲಿಲ್ಲ. ಐದನೆಯದನ್ನು ಎಳೆದಾಗ ಕೆಳಗಿನ ಗೊರಗೊರ ನಿಂತಿತು.

ಮಹಡಿಯಿಂದ ದರ್ಜಿ ಇಣುಕಿ, ಯಾರದು ಸ್ವಿಚ್ ಆಟ ಆಡ್ತಿರೋದು ಎಂದು ಗದರಿದ. ಕಂದು ಹೊಗೆ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದುದನ್ನು ನೋಡಿ ಕೆಳಗಿಳಿದು ಬಂದ. ಅವನಿಂದಲೇ ಒಂದು ಬಕೆಟ್ಟು ಮರಳು ತರಿಸಿ, ಕರ್ಚೀಫು ಮುಖಕ್ಕೆ ಕಟ್ಟಿಕೊಂಡು ಅವಳು ಇಳಿದಳು. ಬೇಡ ಎಂದರೂ ಕೇಳದೆ ತಂಗಿ ಫೋನಿನ ಟಾರ್ಚು ಹಿಡಿದು ಹಿಂದೆಯೇ ಬಂದಳು.

ಬೆಂಕಿ ಹತ್ತಿರಲಿಲ್ಲ. ಹತ್ತುವುದಕ್ಕೆ ಸಿದ್ಧವಾಗಿತ್ತು. ಆಂಪಿನ ಹಿಂದಿನ ಸ್ಪಂಜು ಎರಡು ಅಂಗೈಯಷ್ಟಗಲ ಕರಗಿ, ಅಂಚು ಮಿನುಗಿ ಹನಿಹನಿಯಾಗಿ ಇಳಿದು ನಿಂತಿತ್ತು. ಮರಳು ಸುರಿದಳು. ಸಿಡಿದ ಡಬ್ಬಿಯ ಅಲ್ಯೂಮಿನಿಯಂ ಟೋಪಿ ಹಿಂಬದಿಯಿಂದ ಹೊರಬಿದ್ದು, ಗೋಡೆಗೆ ಬಡಿದು, ಕೋಣೆಯ ಆಚೆ ಬದಿಗೆ ಹಾರಿತ್ತು. ಟಾರ್ಚಿನ ಬೆಳಕು ಅದನ್ನು ಹುಡುಕುತ್ತ ಹೋಗಿ, ತಂಗಿ ಕೂರುತ್ತಿದ್ದ ಕುರ್ಚಿಯ ಬೆನ್ನ ಮೇಲೆ ನಿಂತಿತು. ಬೆನ್ನಿನ ಮೇಲ್ಭಾಗದಲ್ಲಿ, ಕುತ್ತಿಗೆ ಬರುವ ಎತ್ತರದಲ್ಲಿ, ಟೋಪಿಯ ಜೊತೆ ಹಾರಿದ ಬಿಸಿ ದ್ರವ ಸಿಡಿದು ಇಳಿಯುತ್ತಿತ್ತು. ಇನ್ನೂ ಹಬೆಯಾಡುತ್ತಿತ್ತು.

ತಂಗಿ ಅದನ್ನೇ ನೋಡುತ್ತ ನಿಂತಳು. ಮೂರು ವಾರದಿಂದ ಈ ವಾಸನೆ ಇತ್ತು ಎಂದಳು. ಮೊದಮೊದಲು ಪಕ್ಕದ ಚರಂಡಿ ಅಂದುಕೊಂಡಳಂತೆ. ಆಮೇಲೆ ಆಂಪಿನ ಹತ್ತಿರ ಹೋದಾಗ ಹೆಚ್ಚಾಗುತ್ತದೆ ಎಂದು ಗೊತ್ತಾಯಿತಂತೆ. ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡರೆ ಊದುಬತ್ತಿ ಹಚ್ಚುತ್ತಿದ್ದಳಂತೆ.

“ತರಬೇಕಿತ್ತಲ್ಲೇ,” ಎಂದಳು ಕಾಯಿಲ್ ಅಕ್ಕ. ಹೇಳಿದ ಕೂಡಲೇ ಹೇಳಬಾರದಿತ್ತು ಎನ್ನಿಸಿತು.

“ಯಾಕೆ ತರ್ಲಿ? ನೀನು ಮೀಟರ್ ತಿರುಗಿಸಿ ತೋರಿಸ್ತಿದ್ದೆ. ನಿಮ್ಮ ಮಾವ ನನ್ನ ಕೈಗುಣದ ಮೇಲೆ ಇನ್ನೊಂದು ಜೋಕು ಹೊಡೀತಿದ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಕಾಯಿಲ್ ಅಕ್ಕ ಸ್ಟೆಬಿಲೈಸರಿನ ವಿಷಯ ಹೇಳಿದಳು, ಇನ್ನೂರ ಐವತ್ತೆರಡರ ವಿಷಯ ಹೇಳಿದಳು, ಚೀಟಿಯ ವಿಷಯವನ್ನೂ ಹೇಳಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ತಂಗಿಗೆ ಆಂಪಿನ ಒಳಗಿನದು ತಿಳಿಯುತ್ತಿರಲಿಲ್ಲ.

“ಫ್ಯೂಸು ಹೋಗಬೇಕಿತ್ತು, ಹೋಗ್ಲಿಲ್ಲ. ದಪ್ಪದ್ದು ಹಾಕಿದ್ರಿಂದ ಹೋಗ್ಲಿಲ್ಲ. ನಾನೇ ಹಾಕಿದ್ದು.”

“ಗೊತ್ತಿದ್ದೂ?”

“ಗೊತ್ತಿದ್ದೂ.”

ತಂಗಿ ಬಗ್ಗಿ ನೆಲದಿಂದ ಗಡಿಯಾರ ಎತ್ತಿಕೊಂಡಳು. ಗಾಜನ್ನು ಸೀರೆಯ ಅಂಚಿಗೆ ಒರೆಸಿ ಕೈಗೆ ಹಾಕಿಕೊಳ್ಳದೆ ಹಿಡಿದು ನಿಂತಳು. ಆಮೇಲೆ, ಇಂಥವು ಇನ್ನೂ ಎಷ್ಟು ಹೊರಗಿವೆ ಎಂದು ಕೇಳಿದಳು. ಒಂದು ಇಲ್ಲಿ ಹೋಯಿತು, ಒಂದು ಅಡುಗೆಮನೆಯಲ್ಲಿದೆ, ಉಳಿದದ್ದು ಒಂಬತ್ತು.

“ಅವರೂ ತಂದಿದ್ರಾ?”

ಕಾಯಿಲ್ ಅಕ್ಕ ನೆನಪು ಮಾಡಿಕೊಂಡಳು. ಐದು ಜನ ತಂದಿದ್ದರು. ಎರಡನೆಯ ಸಲವೂ ತಂದವರು ಮೂವರು.

“ಅವರಿಗೂ ಹೀಗೇ ನಗಾಡಿ ಕಳಿಸಿದ್ರಾ?”

ಕಾಯಿಲ್ ಅಕ್ಕ ಮೆಟ್ಟಿಲು ಹತ್ತಿದಳು. ಸಿಗ್ನಲ್ ಸಿಗುವುದು ಮೇಲ್ಗಡೆಯಲ್ಲಿ ಮಾತ್ರ. ಹತ್ತುವಾಗಲೇ ಮೂವರಲ್ಲಿ ಮೊದಲನೆಯವರು ಯಾರೆಂದು ನೆನಪಾಯಿತು: ಮನೆಯ ಹಿಂದಿನ ಕೋಣೆಯಲ್ಲಿ ನುಡಿಸುವ ಒಬ್ಬ ಔಷಧದಂಗಡಿಯವರು. ಬೆಳಗ್ಗೆ ಆಂಪನ್ನು ಸ್ಟ್ಯಾಂಡ್‌ಬೈನಲ್ಲಿಟ್ಟು ಅಂಗಡಿಗೆ ಹೋಗಿ, ಸಂಜೆ ಬಂದು ನುಡಿಸುತ್ತಾರೆ. ಚೀಟಿಯಲ್ಲಿದ್ದಂತೆಯೇ ನಡೆಸಿಕೊಳ್ಳುತ್ತಿದ್ದೇನೆ ಎಂದು ಆ ದಿನ ಬೆಂಚಿನ ಎದುರು ನಿಂತು ಪ್ರಮಾಣ ಮಾಡುವಂತೆ ಹೇಳಿದ್ದರು. ಅವರಿಗೂ ಅವಳು ಮೂರರದ್ದನ್ನೇ ಹಾಕಿಕೊಟ್ಟಿದ್ದಳು.

ಅವರ ಮನೆಯ ನಂಬರು ಒತ್ತಿ ಫೋನನ್ನು ಕಿವಿಗೆ ಹಿಡಿದಳು. ಪಕ್ಕದಲ್ಲಿ ತಂಗಿ ಬಂದು ನಿಂತಳು. ರಿಂಗ್ ಆಗುತ್ತಿತ್ತು. ಪೂರ್ತಿ ಆಗಿ ಕಟ್ಟಾಯಿತು. ಮತ್ತೆ ಒತ್ತಿದಳು. ಈ ಸಲ ಎರಡನೆಯ ರಿಂಗಿಗೇ ಯಾರೋ ಎತ್ತಿಕೊಂಡರು. ಅವರು ಹಲೋ ಎನ್ನುವ ಮೊದಲೇ ಆ ಕಡೆಯಿಂದ ಬಹಳ ಜನ ಒಟ್ಟಿಗೆ ಮಾತಾಡುತ್ತಿರುವ ಗದ್ದಲ, ಅದರ ನಡುವೆ ಹಿಂದಿನ ಕೋಣೆಗೆ ನೀರು ತನ್ನಿ ಎಂಬ ಕೂಗು ಕೇಳಿಸಿತು.